ಡಬ್ಬಿಗೆ ಏಳು

ಸೆತೂಬಲ್ಲಿನ ಹಳೆಯ ಮೀನಿನ ಕಾರ್ಖಾನೆಯಲ್ಲಿ
ಈಗ ಚಿತ್ರ, ಕುಣಿತ, ಮಂಗಳವಾರ ಮಣ್ಣು.
ಮಹಡಿಯಲ್ಲಿ ಯಾರೋ ತಪ್ಪು ತಾಳಕ್ಕೆ ಕಾಲು ಬಡಿದರೆ
ನಮ್ಮ ಮೇಜಿಗೆ ಸುಣ್ಣ ಉದುರುತ್ತದೆ.

"ಏನು ಬೇಕಾದರೂ ಮಾಡಿ" ಅಂದೆ.
ದೆವೊಲಿಂದಾ ಮಾತಾಡಲಿಲ್ಲ.
ಹುಡುಗರು ಡ್ರ್ಯಾಗನ್ನಿಗೆ ರೆಕ್ಕೆ ಅಂಟಿಸುವಷ್ಟರಲ್ಲಿ
ಏಳು ಮೀನು, ತಲೆಗೆ ಬಾಲ, ಬಾಲಕ್ಕೆ ತಲೆ,
ನಡುವೆ ಉಗುರು ತೂರದಷ್ಟು ಬಿಗಿ.

"ಎಲ್ಲಿ ಕಲಿತಿರಿ?"
ಕಿಟಕಿಯ ಕೆಳಗಿನ ಮೂಲೆ ತೋರಿಸಿದರು:
"ಅಲ್ಲೇ. ಮೂವತ್ತೊಂದು ವರ್ಷ. ನಿಂತುಕೊಂಡೇ."

ಪ್ರದರ್ಶನದ ದಿನ ಕೊಳ್ಳಲು ಬಂದವರಿಗೆ
ಆರನ್ನೇ ಕಟ್ಟಿಕೊಟ್ಟರು.
ಏಳನೆಯದು ಕೋಟಿನ ಜೇಬಿಗೆ.
ನಾನು ನೋಡಿದ್ದು ನೋಡಿ ನಕ್ಕರು:
"ಆಗ ಒಂದನ್ನೂ ಮನೆಗೆ ಒಯ್ಯುವ ಹಾಗಿರಲಿಲ್ಲ,
ಗೇಟಿನಲ್ಲಿ ಚೀಲ ತಡಕುತ್ತಿದ್ದರು."

ಗೇಟಿನವರೆಗೂ ಜೇಬಿನ ಮೇಲೆ ಕೈಯಿಟ್ಟೇ ನಡೆದರು.