ಎಮ್ಮೆ ಬಿದ್ದ ಬಾವಿ

ಚಿಂತಾಮಣಿಯ ಕಾಲೇಜಿನ ಹಿಂದಿನ ಕೋಣೆಯಲ್ಲಿ
ಎರಡು ಗೋಡೆ ತುಂಬ ನೀರಿನ ಲೆಕ್ಕ.
ಯರ್ರಪ್ಪ ಮೇಷ್ಟ್ರು ಮೂವತ್ತೊಂದು ವರ್ಷ
ಸೈಕಲ್ಲಿನ ಹಿಡಿಗೆ ಹುರಿ ಸುತ್ತಿಕೊಂಡು, ತುದಿಗೊಂದು ಸೀಸದ ಗುಂಡು ಕಟ್ಟಿ
ಬಾವಿಯಿಂದ ಬಾವಿಗೆ ಹೋಗಿ ಇಳಿಬಿಟ್ಟು
ಟಪ್ ಅಂದ ಕಡೆ ಬೆರಳಿಟ್ಟು ಬರೆದದ್ದು:
ಹದಿನಾಲ್ಕು ಅಡಿ. ಇಪ್ಪತ್ತೆರಡು. ಮೂವತ್ತೊಂಬತ್ತು.
ಆಮೇಲೆ ಒಂದು ಪುಟದ ಷರಾ ಕಾಲಂನಲ್ಲಿ, ಕೆಂಪು ಶಾಯಿ:
ಟಪ್ ಅನ್ನಲಿಲ್ಲ.

ಎಂಬತ್ತೇಳು, ಎಂಬತ್ತೆಂಟು ಗೆದ್ದಲಿನ ಪಾಲು.
ಅಂಕಿಗಳಿದ್ದ ಕಡೆ ಮಣ್ಣಿನ ದಾರಿ,
ಹಳೆಯ ನಕ್ಷೆಯಲ್ಲಿ ಕೆರೆಗಳಿದ್ದಷ್ಟೇ ಒತ್ತೊತ್ತಾಗಿ ತೂತು.
ಕಂಪ್ಯೂಟರಿಗೆ ಏರಿಸುವಾಗ ಹೊಸ ಹುಡುಗ
ಖಾಲಿ ಮನೆಗಳಿಗೆಲ್ಲ ಸೊನ್ನೆ ತುಂಬುತ್ತ ಬಂದ.
ಕೈ ಹಿಡಿದೆ.
ಸೊನ್ನೆ ಅಂದರೆ ನೀರು ನೆಲಮಟ್ಟಕ್ಕಿದೆ ಅಂತಪ್ಪ.
ಗೊತ್ತಿಲ್ಲ ಅನ್ನುವುದಕ್ಕೆ ಸೊನ್ನೆ ಬರೆದರೆ
ತಾಲ್ಲೂಕಿನ ಬಾವಿಗಳೆಲ್ಲ ರಾತ್ರೋರಾತ್ರಿ ತುಂಬಿಬಿಡುತ್ತವೆ.

ಶಿಡ್ಲಘಟ್ಟದ ರೇಷ್ಮೆ ಫಾರಂನಿಂದ ಮೆಹಜಬೀನ್ ಫೋನು:
ನಮ್ಮಲ್ಲಿ ಎಂಬತ್ತೆಂಟು ಇದೆ, ಮಳೆ ಪುಸ್ತಕದ ಹಿಂಬದಿಯಲ್ಲಿ.
ಹಿಪ್ಪುನೇರಳೆಗೆ ನೀರು ಸಾಲುತ್ತೋ ಅಂತ ಯಾರೋ ಅಳೆದಿದ್ದಾರೆ.
ಆದರೆ ಅದು ನಿಮ್ಮ ಏಳನೇ ನಂಬರು ಬಾವಿಯಲ್ಲ, ನಮ್ಮ ಗೇಟ್ ಬಾವಿ.
ಕೋಲಾರದ ಕಚೇರಿಯ ಕೋದಂಡಪ್ಪನ ಕಾಗದ:
ನಮ್ಮಲ್ಲೂ ಇದೆ, ನೂರ ಹನ್ನೆರಡು ಅಂತ.
ಬೇಗ ನೋಡಿ, ಮಾರ್ಚಿಗೆ ನಾನು ನಿವೃತ್ತ,
ನಮ್ಮ ಬೀರುವಿನ ಮೇಲೆ ಆಗಲೇ ‘ರದ್ದಿ’ ಅಂತ ಬರೆದಾಗಿದೆ.

ಅವಳ ಪುಸ್ತಕದಲ್ಲಿ ಮೂವತ್ತೊಂದು ಅಡಿ,
ಅವನದರಲ್ಲಿ ಇಪ್ಪತ್ತೆಂಟೂವರೆ.
ಒಂದೇ ಬಾವಿಯಾದರೆ ಇಬ್ಬರಲ್ಲಿ ಒಬ್ಬರು ಸುಳ್ಳು.
ವರ್ಷವಿಡೀ ಮೂರು ಊರಿನ ನಡುವೆ
ಇದೊಂದೇ ಜಗಳ, ಬಹಳ ಮರ್ಯಾದೆಯಿಂದ.

ಕೊನೆಗೆ ಒಂದು ಭಾನುವಾರ ಹೊರಟೆವು.
ಕಟ್ಟೆಯ ಮೇಲೆ ಮೂರು ಬಣ್ಣದಲ್ಲಿ ಮೂರು ನಂಬರು,
ಒಂದಕ್ಕೊಂದು ಬೆನ್ನು ಹಾಕಿ.
ನೀರುಗಂಟಿ ಮನೆತನದ ಪಾಪಕ್ಕ ನಕ್ಕಳು:
ಇದ್ಯಾವ ನಂಬರು ಸ್ವಾಮಿ, ಇದು ಎಮ್ಮೆ ಬಿದ್ದ ಬಾವಿ.
ನಮ್ಮತ್ತೆ ಮದುವೆಯಾಗಿ ಬಂದ ವರ್ಷ ಬಿತ್ತಂತೆ,
ದಿನವೆಲ್ಲ ಈಜಾಡಿಕೊಂಡಿತ್ತಂತೆ,
ಸಂಜೆ ಕಟ್ಟೆಗೆ ಕೈಯಿಟ್ಟು ಬಗ್ಗಿ ಕೊಂಬಿಗೆ ಹಗ್ಗ ಹಾಕಿದರಂತೆ.
ಕೋದಂಡಪ್ಪ ಕಟ್ಟೆಯ ಎತ್ತರ ಅಳೆದ: ಎರಡೂವರೆ ಅಡಿ.
ಅವಳು ಕಟ್ಟೆಯ ಮೇಲಿಂದ ಎಣಿಸಿದ್ದಳು, ಅವನು ನೆಲದಿಂದ.
ಯಾರದ್ದೂ ಸುಳ್ಳಲ್ಲ.
ಕೋದಂಡಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

ಬುತ್ತಿ ಬಿಚ್ಚಿದಾಗ ಮೆಹಜಬೀನ್ ಅಂದಳು:
ಮೊಸರಿನ ಹಾಗೇ ನೋಡಿ ಇದು.
ನಮ್ಮನೆ ಹೆಪ್ಪು ಕೆಟ್ಟ ದಿನ ಲೋಟ ಹಿಡಿದು ಪಕ್ಕದ ಮನೆಗೆ ಹೋಗ್ತೀವಿ;
ಅವರ ಹೆಪ್ಪು ಯಾವತ್ತೋ ನಮ್ಮಿಂದಲೇ ಹೋದದ್ದು.
ಬಚ್ಚಿಟ್ಟಿದ್ದರೆ ಇಬ್ಬರಿಗೂ ಇರುತ್ತಿರಲಿಲ್ಲ.
ಅಲ್ಲೇ ಬಿಲ್ಲಿನ ಹಿಂದೆ ಬರೆದುಕೊಂಡೆವು:
ನಿಮ್ಮದರ ಪ್ರತಿ ನಮ್ಮಲ್ಲಿ, ನಮ್ಮದರ ಪ್ರತಿ ನಿಮ್ಮಲ್ಲಿ,
ರದ್ದಿ ಅನ್ನುವ ಮೊದಲು ಉಳಿದಿಬ್ಬರನ್ನು ಕೇಳುವುದು,
ಎಲ್ಲಿಂದ ಅಳೆದೆವೆಂದು ಪ್ರತಿ ಸಾಲಿಗೂ ಬರೆಯುವುದು.
ಹೆಸರಿನ ಮನೆಯಲ್ಲಿ ನಾಲ್ಕೂ ಹೆಸರು.
ಇಸವಿ ಗೊತ್ತಿಲ್ಲದ ಒಂದು ಸಾಲು ಎಲ್ಲಕ್ಕಿಂತ ಮೇಲೆ,
ಅಂಕಿಯ ಜಾಗ ಖಾಲಿ, ಷರಾ:
ಎಮ್ಮೆ ಈಜುವಷ್ಟು.

ಹೊರಡುವ ಮುಂಚೆ ಮೇಷ್ಟ್ರ ಹುರಿ ಇಳಿಬಿಟ್ಟೆ.
ಗಂಟುಗಳು ಒಂದೊಂದಾಗಿ ಬೆರಳು ದಾಟಿ ಹೋದವು.
ತಳದಲ್ಲಿ ಏನೋ ಅಂತು.
ನೀರೋ, ಯಾರೋ ಎಸೆದ ಬಾಟಲಿಯೋ—
ನಾಲ್ವರೂ ಬಗ್ಗಿ ಉಸಿರು ಹಿಡಿದೆವು.
ಇನ್ನೊಂದು ಸಲ ಬಿಡಿ, ಅಂದಳು ಮೆಹಜಬೀನ್,
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು:
ಕಟ್ಟೆಯಿಂದಲೋ, ನೆಲದಿಂದಲೋ?