ಹಿಡಿಯುವ ಹಲ್ಲು

ಮುನಿರಾಬಾದಿನ ಸ್ಟೇಷನ್ ರಸ್ತೆಯಲ್ಲಿ
ಸೈಕಲ್ ಅಂಗಡಿಗೂ ಗಿರಣಿಗೂ ನಡುವೆ
ಒಂದೂವರೆ ಮಾರಿನ ಜಾಗ ನನ್ನದು.
ಅಪ್ಪ ಇಲ್ಲೇ ಗಡಿಯಾರ ಬಿಚ್ಚಿಕೊಂಡು ಕೂರುತ್ತಿದ್ದ.
ಅದೇ ಭೂತಗನ್ನಡಿ, ಅದೇ ಚಿಮಟ,
ನಾನು ಹಲ್ಲು ಕಟ್ಟುತ್ತೇನೆ.
ಗಿರಣಿಯ ಹಿಟ್ಟು ಹಾರಿ ಬಂದು
ಒಣಗಲಿಟ್ಟ ದವಡೆಗಳ ಮೇಲೆ ಇಳಿಯುತ್ತದೆ.
ಯಾರ ಬಾಯಿಗೂ ಹೋಗುವ ಮೊದಲೇ
ಜೋಳದ ರುಚಿ ಕಂಡಿರುತ್ತವೆ ನನ್ನ ಹಲ್ಲು.

ಒಂದು ಮಂಗಳವಾರ ಯಮನವ್ವ ಅಂಬಿಗೇರ ಬಂದಳು,
ಮೊಣಕೈತನಕ ಮೀನಿನ ಹುರುಪೆ ಮಿಂಚಿಸಿಕೊಂಡು.
ಬುಟ್ಟಿ ಹೊಸ್ತಿಲಲ್ಲಿಟ್ಟು ಬಾಯಿ ತೆರೆದಳು:
ಮೇಲೆ ನಾಲ್ಕು, ಕೆಳಗೆ ಒಂದು.
"ರೊಟ್ಟಿ ಅಗಿಯಾಕ ತ್ರಾಸೇನಬೇ?"
ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ.
"ರೊಟ್ಟಿ ಸಾರಿನ್ಯಾಗ ನೆನಸ್ತೀನಿ,
ಅದಕ್ಯಾಕ ಹಲ್ಲು? ಅಗಿಯಾಕಲ್ಲೋ ರಾಜಾಬಕ್ಷಿ,
ಹಿಡಿಯಾಕ."

ನನಗೆ ತಿಳಿಯಲಿಲ್ಲ.
ಗೋಣಿತಾಟು ಸರಿಸಿ ಎತ್ತಿದಳು ಒಂದು ಬಾಳೆ ಮೀನು,
ಮೊಳದುದ್ದ, ಹೊಗೆ ಹಿಡಿದ ಬೆಳ್ಳಿಯ ಬಣ್ಣ,
ಆಣೆಕಟ್ಟಿನ ಹಿನ್ನೀರು ಇನ್ನೂ ಸೋರುತ್ತಿತ್ತು.
ಹೆಬ್ಬೆರಳಿಂದ ಅದರ ದವಡೆ ಅಗಲಿಸಿ
"ಬಳ್ಳು ಹಾಕು. ಒಳಗ ಸವರು."
ಸವರಿದೆ. ನಾಯಿಮರಿಯ ಬೆನ್ನಿನ ನುಣುಪು.
"ಈಗ ಹೊರಗ ಎಳಿ."
ಎಳೆದೆ.
ಮಲಗಿದ್ದ ಸೂಜಿಗಳೆಲ್ಲ ಎದ್ದು ಕೂತವು.

ಕತ್ತರಿಸುವಂಥದು ಒಂದಿಲ್ಲ, ಅರೆಯುವಂಥದು ಒಂದಿಲ್ಲ,
ಸಾಲು ಸಾಲು ಹಲ್ಲು, ಎಲ್ಲದರ ಮುಖ ಗಂಟಲ ಕಡೆಗೆ.
ಒಳಹೊಕ್ಕವರಿಗೆ ಹಾಸು,
ತಿರುಗಿದವರಿಗೆ ಬೇಲಿ.
"ಇದು ಅಗದದ್ದು ನಾ ಕಂಡಿಲ್ಲ," ಅಂದಳು,
"ಹೊಟ್ಟಿ ಸೀಳಿದ್ರ ಸಣ್ಣಮೀನ ಇಡೀದಕ್ಕ ಇಡೀದ,
ನಿದ್ದಿ ಮಾಡಿದಂಗ ಇರ್ತೈತಿ.
ಕಾಟ್ಲಾದ ಬಾಯಾಗ ನೋಡು, ಒಂದೂ ಹಲ್ಲಿಲ್ಲ,
ಎಲ್ಲಾ ಗಂಟಲಾಗ ಬಚ್ಚಿಟ್ಕೊಂಡೈತಿ.
ಯಾರಿಗಿ ಎಲ್ಲಿ ಬೇಕೋ ಅಲ್ಲಿ."

ಬೆರಳು ಚೀಪುತ್ತ ಅವಳ ಕೆಳಗಿನ ಒಂಟಿ ಹಲ್ಲು ನೋಡಿದೆ.
ನಡುವೆ ಒಂದು ಗೆರೆ,
ಬಾವಿಯ ಕಲ್ಲಿಗೆ ಹಗ್ಗ ಕೊರೆದಂಥ ಗೆರೆ.
ಬಲೆ ನೇಯುವಾಗ ದಾರದ ಒಂದು ತುದಿ ಕಾಲ್ಬೆರಳಿಗೆ,
ಇನ್ನೊಂದು ತುದಿ ಈ ಗೆರೆಯಲ್ಲಿ,
ಎರಡೂ ಕೈ ಕೆಲಸಕ್ಕೆ ಬಿಡುವು.
ಮೂವತ್ತು ವರ್ಷ ಹೀಗೇ ಬಿಗಿಹಿಡಿದಿದ್ದಾಳೆ,
ಮೇಲಿನ ಜೋಡಿ ಹಲ್ಲು ಸಾಕೆಂದು ಬಿದ್ದುಹೋಗುವ ತನಕ.

ನಾನು ಕಟ್ಟಿದ್ದೆಲ್ಲ ಅಗಿಯುವ ಹಲ್ಲು,
ನಗುವ ಹಲ್ಲು,
ಮೊಮ್ಮಗನ ಮದುವೆಯ ಫೋಟೋಕ್ಕೆ ಮಾತ್ರ ಬೇಕಾದ ಹಲ್ಲು.
ಅಂಥದೇ ಒಂದು ಕಟ್ಟಿ ಕೊಟ್ಟೆ.
ಎಂಟು ದಿನಕ್ಕೆ ಎಲೆಯಲ್ಲಿ ಸುತ್ತಿ ತಂದಿಟ್ಟಳು:
"ದಾರ ಜಗ್ಗಿದ್ರ ದಾರದ ಸಂಗಾಟ ಇದೂ ಹೊರಗ ಬರ್ತೈತಿ.
ಇದೇನು ಹಲ್ಲೋ, ಬಲಿಗಿ ಬಿದ್ದ ಮೀನೋ?"

ಆ ರಾತ್ರಿ ಗಿರಣಿ ನಿಂತ ಮೇಲೆ
ಮೇಣ ಕಾಸಿ ಮತ್ತೆ ಕೂತೆ.
ಹಲ್ಲು ನೆಟ್ಟಗೆ ನಿಲ್ಲಬೇಕು ಅಂತ
ಹುಬ್ಬಳ್ಳಿಯಲ್ಲಿ ಕಲಿಸಿದ ಗುರುಗಳು
ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು.
ನಾನು ಒಳಕ್ಕೆ ವಾಲಿಸಿದೆ.
ಪಕ್ಕದವಕ್ಕೆ ಎರಡು ತಂತಿ ಕೊಂಡಿ ಹೆಣೆದೆ.
ಅಪ್ಪನ ಡಬ್ಬಿಯ ಕಿರು ಅರ ಹುಡುಕಿ
ಹಲ್ಲ ತುದಿಗೆ ಒಂದು ಗೆರೆ ಎಳೆದೆ,
ಉಗುರು ತಾಗಿಸಿ ನೋಡಿದೆ, ಇನ್ನೊಂದು ಚೂರು ಎಳೆದೆ.
ಬೆರಳ ಮೇಲೆ ಮೀನು ಬಿಟ್ಟ ಚುಕ್ಕಿಗಳು ಚುರುಗುಟ್ಟುತ್ತಿದ್ದವು.

ಹಾಕಿಕೊಂಡಳು. ನನ್ನ ಹೆಸರು ಹೇಳಲು ಹೋಗಿ
ತೊದಲಿ, ಉಗುಳಿ, ನಕ್ಕಳು.
ದಾರ ಕಚ್ಚಿ ಜಗ್ಗಿದಳು.
ಕುತ್ತಿಗೆಯ ನರ ಎದ್ದವು, ಹಲ್ಲು ಏಳಲಿಲ್ಲ.
ಹೊಟ್ಟೆಯ ಗಂಟು ಬಿಚ್ಚಿ ನೂರು ರೂಪಾಯಿ ಎಣಿಸಿ,
ಉಳಿದದ್ದಕ್ಕೆ ಸನ್ನೆ ಮಾಡಿ ಹೋದಳು.

ಈಗ ಹಿನ್ನೀರಿನ ದಂಡೆಯಲ್ಲಿ
ಜಾಲಿಯ ನೆರಳಿಗೆ ಕಾಲು ಚಾಚಿ ಕೂತಿರುತ್ತಾಳೆ,
ಮಡಿಲ ತುಂಬ ನೀಲಿ ಬಲೆ.
ಬಾಕಿ ಇನ್ನೂರೈವತ್ತು ಇದೆ.
ಕೇಳಲು ಹೋದಾಗಲೆಲ್ಲ
ಹುಬ್ಬು ಮಾತ್ರ ಏರಿಸುತ್ತಾಳೆ.
ಬಾಯಲ್ಲಿ ದಾರ.