ನಡುವಿನ ಅಂಗಡಿ

ನನ್ನ ಎಡಕ್ಕೆ ದಾಲ್ಮಾತ್ಸಿಯೊ, ಜೇನು.
ಬಲಕ್ಕೆ ಅವನ ಅಕ್ಕ ಎದ್ವೀಜೆ, ಮೊಸ್ತಾರ್ದ.
ನಡುವೆ ನಾನು, ನನ್ನ ಚೀಸ್, ನನ್ನ ತಕ್ಕಡಿ.
ಹನ್ನೊಂದು ವರ್ಷದಿಂದ ಇಬ್ಬರಿಗೂ
ಶನಿವಾರದ ಸಂತೆಯಲ್ಲಿ ಚಿಲ್ಲರೆ ಮುರಿದುಕೊಡುವವಳು ನಾನೇ.
ಮಾತನ್ನೂ ನನ್ನಲ್ಲೇ ಮುರಿಸಿಕೊಳ್ಳುತ್ತಾರೆ:
‘ಆಚೆಯವರಿಗೆ ಹೇಳು ಇರ್ಮಾ, ಅವರ ಕೊಡೆಯ ನೀರು
ನನ್ನ ಶೀಶೆಗಳ ಮೇಲೆ ಬೀಳುತ್ತಿದೆ.’
‘ಈಚೆಯವರಿಗೆ ಹೇಳು, ಮಳೆ ನಾನು ತರಿಸಿದ್ದಲ್ಲ.’

ಜಗಳ ಒಂದು ಮರದ್ದು.
ಅಪ್ಪನ ಹಿತ್ತಿಲಲ್ಲಿ ತೀಲ್ಯೊ. ಜೂನಿನಲ್ಲಿ ಹೂ ಬಿಟ್ಟರೆ
ಮಿಂಚೊ ನದಿಯ ಸೇತುವೆವರೆಗೂ ಪರಿಮಳ.
ಅದರ ನೆರಳಲ್ಲಿ ಬಿಸಿಲು ಕಾಣದೆ ಗಿಡ್ಡಾದ ಕೊತೋನ್ಯ,
ಸೇಬಿನ ಬಣ್ಣ, ಪೇರಳೆಯ ಸೊಂಟ,
ಹಸಿಯಾಗಿ ಕಚ್ಚಿದರೆ ಹಲ್ಲೆಲ್ಲ ಚೊಗರು. ಅದು ಅವಳ ಪಾಲಿನದು.
ಒಂದು ಫೆಬ್ರವರಿ, ತಮ್ಮ ಮಂಡಿ ಕೊಯ್ಯಿಸಿಕೊಂಡು
ಆಸ್ಪತ್ರೆಯಲ್ಲಿ ಮಲಗಿದ್ದಾಗ
ಗರಗಸದವನನ್ನು ಕರೆಸಿದಳು.

ಒಂದು ಮರದಿಂದ ಜೇನಾಗುವುದಿಲ್ಲ,
ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ರೈಲು ನಿಲ್ದಾಣದ ರಸ್ತೆಯುದ್ದಕ್ಕೂ ಅದೇ ಮರದ ಸಾಲಿದೆ.
ಆದರೂ ಅಂದಿನಿಂದ ಅವನ ಮೇಜಿನಲ್ಲಿ ತೀಲ್ಯೊ ಇಲ್ಲ.
ಅಕೇಶಿಯ ಇದೆ, ನೀರಿನಷ್ಟು ತಿಳಿ,
ನಾಲಿಗೆ ತಿರುಗಿ ನೋಡುವಷ್ಟರಲ್ಲಿ ಹೊರಟುಹೋಗುವ ಸಿಹಿ.
ಚೆಸ್ಟ್‌ನಟ್ ಇದೆ, ಗುಡ್ಡದ ಊರಿನದು,
ಮೊದಲು ಕಷಾಯ, ಆಮೇಲೆ ಹಳೆಯ ಮರದ ಪೆಟ್ಟಿಗೆ,
ಸಿಹಿ ಬರುವುದು ಎಲ್ಲರೂ ಎದ್ದುಹೋದ ಮೇಲೆ.
ಹೂವಿಲ್ಲದ ಜೇನೂ ಇದೆ, ಎಲೆಯ ಅಂಟಿನಿಂದಾದದ್ದು,
ಕರಿ, ಮಂದ, ಒಲೆಯ ಅಂಚಿಗೆ ಉಕ್ಕಿ ಸೀದ ಪಾಕ.
ಅವುಗಳ ನಡುವೆ ಒಂದು ಶೀಶೆಯಷ್ಟು ಜಾಗ ಖಾಲಿ.
ಪ್ರತಿ ಶನಿವಾರ ಅದನ್ನೂ ಒರೆಸುತ್ತಾನೆ.

ಅವಳದು ಬೇರೆ ಹಟ.
ಹಣ್ಣು ಹೆಚ್ಚಿ, ಸಕ್ಕರೆ ಸುರಿದು, ರಾತ್ರಿ ಬಿಟ್ಟು,
ಬೆಳಿಗ್ಗೆ ರಸವನ್ನಷ್ಟೇ ಬಸಿದು ಕುದಿಸಿ, ಮತ್ತೆ ಹಣ್ಣಿಗೇ ಹೊಯ್ದು,
ಹೀಗೆ ಮೂರು ರಾತ್ರಿ.
ನಾಲ್ಕನೆಯ ದಿನ ಪೂರ್ತಿ ತಣಿದ ಮೇಲೆ
ಔಷಧಿ ಅಂಗಡಿಯಿಂದ ತಂದ ಸಾಸಿವೆಯ ಸತ್ವ,
ಕಿಟಕಿ ತೆರೆದು, ಮುಖ ತಿರುಗಿಸಿ, ಹನಿ ಎಣಿಸಿ.
ತಿಂದವರಿಗೆ ಮೊದಲು ಜೇನುಬಣ್ಣದ ಹೋಳು,
ಆಮೇಲೆ ಮೂಗಿನ ಸೇತುವೆಯ ಮೇಲೆ ಯಾರೋ ಓಡಿದ ಹಾಗೆ.

ಈ ಸೆಪ್ಟೆಂಬರಿನಲ್ಲಿ ಖಾಲಿ ಜಾಗದಲ್ಲಿ
ಚೀಟಿ ಇಲ್ಲದ ಶೀಶೆಯೊಂದು ಬಂದು ಕೂತಿತು.
ಏನಿದು, ಎಂದೆ.
‘ಬುಡ ಚಿಗುರಿದೆ. ಗೋಡೆಯ ಮೇಲೆ ಕಾಣುತ್ತದೆ.
ಯಾರೂ ಸವರಿಲ್ಲ.’
ಅಷ್ಟೇ ಹೇಳಿ ಮೇಣ ಕೆರೆಯತೊಡಗಿದ.

ನಾನು ಮಾಡಿದ್ದು ಇಷ್ಟೇ:
ಎರಡು ವರ್ಷ ಹಳೆಯ ಗ್ರಾನಾದ ಚೂರೊಂದಕ್ಕೆ
ಆ ಜೇನು ಸವರಿ ಬಲಕ್ಕೆ ಚಾಚಿದೆ.
ಎದ್ವೀಜೆ ಬಾಯಿಗಿಟ್ಟಳು.
ಪುದೀನದ ತಂಪು, ಒಣಹುಲ್ಲು, ಒಗೆದ ಹಾಸಿಗೆಬಟ್ಟೆ,
ನನಗೆ ಸಿಕ್ಕಿದ್ದು ಇವು. ಅವಳಿಗೆ ಏನು ಸಿಕ್ಕಿತೋ.
ಬಹಳ ಹೊತ್ತು ನುಂಗಲೇ ಇಲ್ಲ.
ಆಮೇಲೆ: ‘ಬೇಗ ತೆಗೆದಿದ್ದಾರೆ. ಇನ್ನೊಂದು ವಾರ ಬಿಡಬೇಕಿತ್ತು.’
ಎಡಕ್ಕೆ ನಾನು ಅದನ್ನು ದಾಟಿಸಲಿಲ್ಲ.

ನವೆಂಬರ್. ಚೌಕದಲ್ಲಿ ಮಂಜು,
ಗಡಿಯಾರದ ಗೋಪುರಕ್ಕೆ ತಲೆಯೇ ಇಲ್ಲ.
ನನ್ನ ಹಲಗೆಯ ಮೇಲೆ, ಸರಿಯಾಗಿ ನಡುವೆ,
ಹೊಸ ಕೊತೋನ್ಯದ ಶೀಶೆ. ಇಟ್ಟವಳು ಬೆನ್ನು ತಿರುಗಿಸಿ
ಯಾವುದೋ ಡಬ್ಬಿ ಹುಡುಕುತ್ತಿದ್ದಳು.
ಎಡಕ್ಕೊಂದು ಹೋಳು ಕೊಟ್ಟೆ.
ಹನಿ ಎಣಿಸುವಾಗ ಕೈ ತಪ್ಪಿತ್ತೋ, ತಪ್ಪಿಸಿದ್ದೋ,
ದಾಲ್ಮಾತ್ಸಿಯೊ ಕೆಮ್ಮಿದ, ಮೇಜು ಹಿಡಿದ,
ಎಪ್ಪತ್ತರ ಮುಖ ಟೊಮೇಟೊ, ಕಣ್ಣಲ್ಲಿ ಧಾರೆ.
‘ಅವಳಿಗೆ ಹೇಳು,’ ಎಂದ. ಮುಂದಿನದು ಕೆಮ್ಮು.

ಅಷ್ಟರಲ್ಲಿ ಯಾರೋ ಬಂದು ಇನ್ನೂರು ಗ್ರಾಂ ಕೇಳಿದರು.
ತೂಗಿದೆ. ಕಾಗದ ಸುತ್ತಿದೆ. ಚಿಲ್ಲರೆ ಕೊಟ್ಟೆ.

ಬಲಗಡೆಯಿಂದ, ಡಬ್ಬಿಯೊಳಗಿಂದಲೇ ಬಂದ ಹಾಗೆ, ಸಣ್ಣ ದನಿ:
‘ಏನಂದ?’

ಏನಂದ. ಹನ್ನೊಂದು ವರ್ಷ
‘ಏನಂದರು’ ಎಂದು ಕೇಳಿದ ಬಾಯಿ.

ಇನ್ನೂ ಅಂದಿಲ್ಲ, ಎಂದೆ.
ಕೆಮ್ಮುತ್ತಿದ್ದಾನೆ.